ಸಾಕಿದವರ ಪಾಲು

ತಂದೆತಾಯಿಯರನ್ನು ಕಳೆದುಕೊಂಡ ಮಗುವನ್ನು ಕಂಡು ಮರುಗದವರು ವಿರಳ. ಆದರೆ ಆ ಮರುಕವು ಹಣವಾಗಿ, ಕಾಳಾಗಿ, ಬಟ್ಟೆಯಾಗಿ ಮನೆಯಿಂದ ಹೊರಟಾಗ ಅದು ಯಾರ ಕೈಯನ್ನು ಸೇರತಕ್ಕದ್ದು ಎಂಬುದನ್ನು ಕುರಿತು ನಿಂತು ಯೋಚಿಸುವವರು ಅದಕ್ಕಿಂತಲೂ ವಿರಳ. ಅನಾಥಾಲಯದ ಕಟ್ಟಡಕ್ಕೆ ಸಲ್ಲಬೇಕೋ, ಮಗುವಿನ ಹೆಸರಿನಲ್ಲಿಡುವ ಠೇವಣಿಗೆ ಸಲ್ಲಬೇಕೋ, ಅಥವಾ ಆ ಮಗುವನ್ನು ತನ್ನ ಒಲೆಯ ಮುಂದೆ ಕೂಡಿಸಿಕೊಂಡು ದಿನವೂ ರೊಟ್ಟಿ ಬಡಿದು ಉಣಿಸುವ ಒಬ್ಬ ಹೆಂಗಸಿಗೆ ಸಲ್ಲಬೇಕೋ? ದಾನದ ಮುಖ್ಯ ಭಾಗವು ಆ ಹೆಂಗಸಿಗೇ, ತಿಂಗಳು ತಪ್ಪದೆ, ಮಗು ಬೆಳೆದು ತನ್ನ ಕಾಲ ಮೇಲೆ ನಿಲ್ಲುವವರೆಗೂ ಸಲ್ಲಬೇಕು. ಅಲ್ಲದೆ ಅಂಥ ಸಾಕುಮನೆಗಳು ಒಂದಕ್ಕೊಂದು ಆಸರೆಯಾಗುವಂತೆ ಊರವರು ಅವನ್ನು ಕೂಡಿಸಿ ಕಟ್ಟಬೇಕು ಎಂಬುದು ನನ್ನ ಪಕ್ಷ.

ಈ ಪ್ರಶ್ನೆ ನಮ್ಮ ಸೀಮೆಗೆ ಹೊರಗಿನಿಂದ ಬಂದುದಲ್ಲ. ಘಟಪ್ರಭೆ ಕೃಷ್ಣೆಯರ ನೀರುಂಡು ಕಬ್ಬಿನ ನಾಡಾಗಿ ಬೆಳೆದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಹಳ್ಳಿಗಳು ಈ ಶತಮಾನದ ಆರಂಭದಲ್ಲಿ ಒಂದು ದಾರುಣವಾದ ಕಾಲವನ್ನು ಕಂಡುವು. 2003ರಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ನಡೆದ ಸಮೀಕ್ಷೆಯೊಂದು ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಎಚ್.ಐ.ವಿ. ಸೋಂಕನ್ನು ಗುರುತಿಸಿತು, ಸರ್ಕಾರವು ಆ ರೋಗಕ್ಕೆ ಉಚಿತವಾಗಿ ಔಷಧವನ್ನು ಕೊಡಲಾರಂಭಿಸಿದುದು 2004ರಲ್ಲಿ, ಅದೂ ಮೊದಲಿಗೆ ದೂರದ ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿ. ಔಷಧವು ಹಳ್ಳಿಯ ರೋಗಿಯನ್ನು ಮುಟ್ಟುವ ಮುನ್ನವೇ ಎಷ್ಟೋ ಮನೆಗಳಲ್ಲಿ ಗಂಡನೂ ಹಿಂದೆಯೇ ಹೆಂಡತಿಯೂ ತೀರಿಹೋದರು. ಆಗ ಉಳಿದ ಮಕ್ಕಳನ್ನು ಎತ್ತಿಕೊಂಡವರು ಯಾರು? ಸಂಸ್ಥೆಗಳು ಎತ್ತಿಕೊಂಡುದು ಕೆಲವರನ್ನು ಮಾತ್ರ. ಬಹುಮಂದಿಯನ್ನು ಎತ್ತಿಕೊಂಡವಳು ಆಯಿ, ಇಲ್ಲವೆ ದೊಡ್ಡವ್ವ, ಇಲ್ಲವೆ ಸೋದರಮಾವನ ಹೆಂಡತಿ. ಊರವರು ಬಾಗಿಲಿಗೆ ಬರಲು ಹಿಂಜರಿಯುತ್ತಿದ್ದ ದಿನಗಳಲ್ಲಿ, ಯಾವ ಆದೇಶಪತ್ರವೂ ಇಲ್ಲದೆ, ಯಾವ ಭತ್ಯೆಯೂ ಇಲ್ಲದೆ, ಈ ಹೆಂಗಸರು ಜಿಲ್ಲೆಯ ಅತಿ ದೊಡ್ಡ ಅನಾಥಾಲಯವನ್ನು ನಡೆಸಿದರು. ಅದಕ್ಕೆ ಫಲಕವಿರಲಿಲ್ಲವಾದ್ದರಿಂದ ದಾನಿಗಳ ಕಣ್ಣಿಗೆ ಅದು ಬೀಳಲಿಲ್ಲ.

ಸಮೀರವಾಡಿಯ ಕಾರ್ಖಾನೆಗೆ ಕಬ್ಬು ಸಾಗುವ ದಾರಿಯ ಹಳ್ಳಿಯೊಂದರಲ್ಲಿ ನಾನು ಬಲ್ಲ ಅಂಥ ಒಂದು ಮನೆಯುಂಟು. ಆಯಿಗೆ ವಯಸ್ಸು ಅರವತ್ತು ದಾಟಿದೆ, ಮೊಮ್ಮಕ್ಕಳು ಇಬ್ಬರು. ಹಂಗಾಮು ಆರಂಭವಾದೊಡನೆ ಆಕೆ ಗ್ಯಾಂಗಿನವರು ಕಡಿದುಹೋದ ಗದ್ದೆಗಳಲ್ಲಿ ಸೋಗೆಯನ್ನು ಆಯ್ದು ಹೊರೆಕಟ್ಟಿ ತಂದು ಒಂದು ಎಮ್ಮೆಯನ್ನು ಸಾಕುತ್ತಾಳೆ. ಹುಡುಗನು ಬೆಳಗ್ಗೆ ಡೇರಿಗೆ ಹಾಲು ಹಾಕಿ, ಚೀಟಿಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡೇ ಶಾಲೆಗೆ ಹೋಗುತ್ತಾನೆ. ಮಕ್ಕಳ ಹೆಸರಿಗೆ ಮಂಜೂರಾದ ಸಹಾಯಧನ ಬಂದಿದೆಯೇ ಎಂದು ನೋಡಲು ಬ್ಯಾಂಕಿಗೆ ಹೋದರೆ ಆ ದಿನದ ಕೂಲಿ ಹೋಯಿತು. ಹೋದ ದಿನ ಹಣ ಬಂದಿರುವುದೆಂಬ ಭರವಸೆಯೂ ಇಲ್ಲ. “ರೊಕ್ಕ ಬರ್ತಾವಂತ ಹೇಳ್ಯಾರ, ಯಾವಾಗ ಬರ್ತಾವೋ ಗೊತ್ತಿಲ್ರಿ, ಅಲ್ಲೀತನಾ ಹುಡುಗರ ಹೊಟ್ಟಿ ಕಾಯಬೇಕಲ್ರಿ?” ಎಂದು ಆಕೆ ನನ್ನನ್ನು ಕೇಳಿದಾಗ ಆ ಮಾತಿನಲ್ಲಿ ದೂರಿರಲಿಲ್ಲ, ಲೆಕ್ಕವಿತ್ತು. ಆ ಲೆಕ್ಕಕ್ಕೆ ಉತ್ತರ ಹೇಳಬೇಕಾದವರು ನಾವು.

ಪ್ರಸಾದನಿಲಯಗಳ ನಾಡಿನಲ್ಲಿ ಹುಟ್ಟಿದವನಿಗೆ ಸಂಸ್ಥೆಗಳ ವಿಷಯದಲ್ಲಿ ಲಘುವಾಗಿ ಮಾತನಾಡುವ ಅಧಿಕಾರವಿಲ್ಲ. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಸಹಸ್ರಾರು ಮಕ್ಕಳಿಗೆ ಜಾತಿಮತಗಳನ್ನೆಣಿಸದೆ ಅನ್ನವನ್ನೂ ಅಕ್ಷರವನ್ನೂ ಇತ್ತುದನ್ನು, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ ನಾಟಕ ಕಂಪನಿಯನ್ನು ಕಟ್ಟಿ ತಿರುಗಿಸಿ ಅದರ ಗಳಿಕೆಯಿಂದ ಅಂಧರನ್ನೂ ಅನಾಥರನ್ನೂ ಸಲಹಿ ಸಂಗೀತವಿದ್ಯೆಯನ್ನು ಕೊಟ್ಟುದನ್ನು ಕನ್ನಡಿಗರು ಎಂದಿಗೂ ಮರೆಯಲಾರರು. ಆದರೆ ಪ್ರಸಾದನಿಲಯವು ಹುಟ್ಟಿದುದು ಮುಖ್ಯವಾಗಿ ಮನೆಯಿದ್ದೂ ಓದಲು ಗತಿಯಿಲ್ಲದ ಮಗುವಿಗಾಗಿ. ನಾಗರಪಂಚಮಿ ಬಂತೆಂದರೆ, ದಸರೆಯ ರಜೆ ಬಂತೆಂದರೆ, ಹುಡುಗರು ಟ್ರಂಕುಗಳನ್ನು ಹೊತ್ತು ಬಸ್ಸಿಗೆ ಓಡುತ್ತಾರೆ. ಆ ಸಾಯಂಕಾಲ ಊಟದ ಸಾಲಿನಲ್ಲಿ ನಾಲ್ಕೈದು ಮಂದಿ ಉಳಿಯುತ್ತಾರೆ. ಅವರಿಗೂ ಅದೇ ಅನ್ನ, ಅದೇ ಸಾರು. ಮನೆಯಿರುವ ಬಡ ಹುಡುಗನಿಗೂ ಮನೆಯೇ ಇಲ್ಲದ ಹುಡುಗನಿಗೂ ಬೇಕಾದುದು ಒಂದೇ ಅಲ್ಲವೆಂಬುದನ್ನು ಆ ಸಾಲು ಸ್ಪಷ್ಟವಾಗಿ ತೋರಿಸುತ್ತದೆ. ಮೊದಲನೆಯವನಿಗೆ ವಸತಿ ಬೇಕು. ಎರಡನೆಯವನಿಗೆ ಹೋಗಿ ಸೇರಲು ಒಬ್ಬರು ಬೇಕು.

ಇದು ಬರಿಯ ಭಾವುಕತೆಯ ಮಾತೆನ್ನುವವರು ರುಮೇನಿಯ ದೇಶದ ಬುಖಾರೆಸ್ಟಿನಲ್ಲಿ 2000ದಲ್ಲಿ ಆರಂಭವಾದ ಒಂದು ಪರಿಶೋಧನೆಯನ್ನು ಗಮನಿಸಬೇಕು. ಅಮೆರಿಕದ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಜೀನಾ ಎಂಬ ವಿದ್ವಾಂಸರು ಅಲ್ಲಿನ ಶಿಶುನಿಲಯಗಳಲ್ಲಿದ್ದ 136 ಎಳೆಯ ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಚೀಟಿಯೆತ್ತಿದಂತೆ ಆಯ್ದು ಸಾಕುಮನೆಗಳಲ್ಲಿರಿಸಿ, ಉಳಿದವರು ನಿಲಯದ ಆರೈಕೆಯಲ್ಲಿಯೇ ಮುಂದುವರಿಯುತ್ತಿರಲು, ಇಬ್ಬಗೆಯವರನ್ನೂ ವರ್ಷಾನುವರ್ಷ ಪರೀಕ್ಷಿಸುತ್ತ ಬಂದರು. ಸಾಕುಮನೆಗೆ ಹೋದವರ ಬುದ್ಧಿಯೂ ಮಾತೂ ಮನಸ್ಸಿನ ನೆಮ್ಮದಿಯೂ ಹೆಚ್ಚು ಚೆನ್ನಾಗಿ ವಿಕಾಸಗೊಂಡುವು; ಸುಮಾರು ಎರಡು ವರ್ಷ ತುಂಬುವುದರೊಳಗೆ ಹೋದವರಲ್ಲಿ ಆ ಲಾಭವು ಅಧಿಕವಾಗಿತ್ತು. ಈ ವೃತ್ತಾಂತವನ್ನು ಹೇಳುವವರು ಅದರ ಒಂದು ಅಂಶವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ: ಆ ಸಾಕುತಾಯಂದಿರಿಗೆ ಹಣವನ್ನು ಕೊಡಲಾಗುತ್ತಿತ್ತು, ಮತ್ತು ಅವರ ಕಷ್ಟಗಳನ್ನು ಕೇಳುವುದಕ್ಕಾಗಿ ಅವರ ಬಾಗಿಲಿಗೆ ತಿಳಿದವರು ಹೋಗಿಬರುತ್ತಿದ್ದರು. ಫಲ ಕೊಟ್ಟುದು ಬರಿಯ ಮನೆಯಲ್ಲ, ಆಧಾರವುಳ್ಳ ಮನೆ.

ರಷ್ಯದವರು ಇದನ್ನು ಕಷ್ಟದಿಂದ ಕಲಿತರು. ಸೋವಿಯತ್ ಒಕ್ಕೂಟವು 1991ರಲ್ಲಿ ಕುಸಿದ ಬಳಿಕ ಅಲ್ಲಿನ ಅನಾಥಾಲಯಗಳಲ್ಲಿ ತುಂಬಿಕೊಂಡ ಮಕ್ಕಳಲ್ಲಿ ಬಹುಮಂದಿಗೆ ಹೆತ್ತವರು ಬದುಕಿದ್ದರು. ಮದ್ಯ, ನಿರುದ್ಯೋಗ, ದಾರಿದ್ರ್ಯಗಳು ಆ ಸಂಸಾರಗಳನ್ನು ಒಡೆದಿದ್ದುವು. ಆಗ ಡ್ಮಿಟ್ರಿ ಮೊರೊಜೋವ್ ಎಂಬ ಪತ್ರಕರ್ತರು 1992ರಲ್ಲಿ ಮಾಸ್ಕೋದಿಂದ ಸುಮಾರು 300 ಕಿಲೋಮೀಟರು ದೂರದ ಕಲೂಗಾ ಪ್ರಾಂತದಲ್ಲಿ ಕೀತೆಜ್ ಎಂಬ ಹೊಸ ಹಳ್ಳಿಯನ್ನು ಹೂಡಿದರು. ಮರದ ಮನೆಗಳು, ಒಂದೊಂದು ಮನೆಯಲ್ಲಿ ತಮ್ಮ ಮಕ್ಕಳೊಡನೆ ಅನಾಥ ಮಕ್ಕಳನ್ನೂ ಸೇರಿಸಿಕೊಂಡ ದಂಪತಿಗಳು, ಎಲ್ಲರಿಗೂ ಕೂಡಿ ಒಂದು ಶಾಲೆ. ಒಂದು ಮನೆಯ ತಾಯಿಗೆ ಸಾಕಾಗಿಹೋದ ದಿನ ಪಕ್ಕದ ಮನೆಯ ಬಾಗಿಲು ತೆರೆದಿರುವುದು ಅಲ್ಲಿಯ ಏರ್ಪಾಡಿನ ಸತ್ತ್ವ. ಅನಾಥ ಮಗುವನ್ನು ಸಾಕುವುದು ಸುಲಭವಲ್ಲ: ಅದು ಕದಿಯಬಹುದು, ಸುಳ್ಳಾಡಬಹುದು, ಪ್ರೀತಿಸಿದವರನ್ನೇ ಕಚ್ಚಿ ಪರೀಕ್ಷಿಸಬಹುದು. ಒಂಟಿಯಾಗಿ ನಿಂತ ಸಾಕುಮನೆ ಆ ಪರೀಕ್ಷೆಯಲ್ಲಿ ಸೋತು ಮಗುವನ್ನು ಹಿಂದಿರುಗಿಸಿದರೆ ಆ ಮಗು ಎರಡನೆಯ ಸಲ ಅನಾಥವಾಗುತ್ತದೆ. ಆ ಹಳ್ಳಿಗೆ ಸ್ಕಾಟ್ಲೆಂಡಿನ ಒಂದು ಚಿಕ್ಕ ಧರ್ಮನಿಧಿಯು ನೆರವನ್ನು ಕಳುಹಿಸುತ್ತ ಬಂತು. ಸಾಕುಕುಟುಂಬಗಳಿಗೆ ಅಲ್ಲಿನ ಸರ್ಕಾರ ಭತ್ಯೆ ಕೊಡುವುದುಂಟಾದರೂ ಮನೆ ಕಟ್ಟುವುದು, ಶಾಲೆ ನಡೆಸುವುದು ಅದರಿಂದ ಆಗುವುದಲ್ಲ. ದೂರದೇಶದವರು ಆ ಮಕ್ಕಳನ್ನು ತಮ್ಮಲ್ಲಿಗೆ ಕರೆದೊಯ್ಯದೆ, ಅವರನ್ನು ಅವರ ಭಾಷೆಯಲ್ಲಿಯೇ ಸಾಕುತ್ತಿದ್ದ ಜನರ ಕೈಯನ್ನು ಬಲಪಡಿಸಿದುದು ನನಗೆ ಅತ್ಯಂತ ಶ್ಲಾಘ್ಯವಾಗಿ ತೋರುತ್ತದೆ.

ಇಂಥ ಏರ್ಪಾಡನ್ನು ಕಾಣಲು ರಷ್ಯದವರೆಗೂ ಹೋಗಬೇಕಾದುದಿಲ್ಲ. ಅಂದಿನ ಮೈಸೂರು ರಾಜ್ಯವು ಟಿಬೆಟಿನ ನಿರಾಶ್ರಿತರಿಗೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಭೂಮಿಯನ್ನಿತ್ತಿತು. ಆ ಜನರ ಹಿರಿಯರು ಹಿಮಾಲಯದ ರಸ್ತೆ ಕಾಮಗಾರಿಗಳಲ್ಲಿ ಕಲ್ಲೊಡೆಯುತ್ತ ಸಾಯುತ್ತಿದ್ದಾಗ, 1960ರಲ್ಲಿ ಜಮ್ಮುವಿನ ಶಿಬಿರಗಳಿಂದ 51 ಮಕ್ಕಳು ಧರ್ಮಶಾಲೆಗೆ ಬಂದರು; ದಲೈ ಲಾಮಾ ಅವರ ಅಕ್ಕ ತ್ಸೆರಿಂಗ್ ಡೋಲ್ಮಾ ಅವರು ಆ ಮಕ್ಕಳ ಆರೈಕೆಯನ್ನು ವಹಿಸಿದರು. ಅಲ್ಲಿಂದ ಬೆಳೆದ ಟಿಬೆಟನ್ ಮಕ್ಕಳ ಗ್ರಾಮದ ಶಾಖೆಯು ಇಂದು ಬೈಲಕುಪ್ಪೆಯಲ್ಲಿಯೂ ಇದೆ. ಅಲ್ಲಿ ಮಕ್ಕಳು ಮನೆಮನೆಗಳಾಗಿ, ಮನೆಗೊಬ್ಬ ಸಾಕುತಾಯಿಯ ಆಶ್ರಯದಲ್ಲಿ ಬೆಳೆಯುತ್ತಾರೆ. ಹಿರಿಯ ಮಕ್ಕಳು ಕಿರಿಯರ ಬಟ್ಟೆ ಒಗೆಯುತ್ತಾರೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಎಸ್.ಒ.ಎಸ್. ಮಕ್ಕಳ ಗ್ರಾಮವೂ ಇದೇ ಕ್ರಮದ್ದು. ಆ ಕ್ರಮವನ್ನು 1949ರಲ್ಲಿ ಆಸ್ಟ್ರಿಯದ ಇಮ್ಸ್ಟ್ ಎಂಬ ಊರಿನಲ್ಲಿ ಆರಂಭಿಸಿದ ಹರ್ಮನ್ ಗ್ಮೈನರ್ ಅವರು ಯುದ್ಧದಿಂದ ಬಡವಾದ ತಮ್ಮ ಜನರಲ್ಲಿ ಬೇಡಿದುದು ಸಿರಿವಂತನೊಬ್ಬನ ದೊಡ್ಡ ದಾನವನ್ನಲ್ಲ, ತಿಂಗಳಿಗೆ ಒಂದೇ ಒಂದು ಶಿಲ್ಲಿಂಗನ್ನು. ಆಹಾ, ಅದರಲ್ಲಿ ಎಂಥ ವಿವೇಕ! ಮಗುವಿನ ಹಸಿವು ದಿನದಿನದ್ದು. ಅದಕ್ಕೊದಗುವ ದಾನವೂ ಅದೇ ತಾಳಕ್ಕೆ ನಡೆಯಬೇಕು.

ನಮ್ಮ ದಾನದ ತಾಳವಾದರೋ ಬೇರೆ. ಹುಟ್ಟುಹಬ್ಬದ ದಿನ, ಹಿರಿಯರ ಪುಣ್ಯತಿಥಿಯ ದಿನ ಬಾಲಮಂದಿರಕ್ಕೆ ಹೋಳಿಗೆಯ ಊಟ ಹೋಗುತ್ತದೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಹಣ್ಣಿನ ಚೀಲವನ್ನು ಅವರ ಕೈಗೆ ಕೊಡುವಾಗ ಒಂದು ಫೋಟೋ ತೆಗೆಯಲಾಗುತ್ತದೆ. 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಮು ಇಂಥ ಮಕ್ಕಳ ಹೆಸರನ್ನಾಗಲಿ ಚಿತ್ರವನ್ನಾಗಲಿ ಪ್ರಕಟಿಸುವುದನ್ನು ನಿಷೇಧಿಸಿದೆ. ಕಾಯ್ದೆ ಹಾಗಿರಲಿ, ನಾಳೆ ಅದೇ ಹುಡುಗಿ ಕಾಲೇಜಿಗೆ ಹೋದಾಗ, ಅವಳ ಮದುವೆಯ ಮಾತು ನಡೆಯುವಾಗ, ಆ ಚಿತ್ರವು ಅವಳ ಹಿಂದೆ ಬರುವುದೆಂಬ ಎಣಿಕೆ ನಮಗೆ ಬೇಡವೆ?

ಸಾಕುಮನೆಗೆ ಹಣ ಕೊಡುವುದರ ವಿರುದ್ಧವಾಗಿ ಹೇಳುವವರ ಮಾತಿನಲ್ಲಿಯೂ ಸತ್ಯವಿದೆ, ಅದನ್ನು ಮುಚ್ಚಿಡಲಾಗದು. ಅನಾಥ ಹುಡುಗನನ್ನು ಮನೆಗೆ ತಂದು ದನ ಕಾಯಲು ಹಚ್ಚಿದ, ಅನಾಥ ಹುಡುಗಿಯನ್ನು ಮುಸುರೆ ತಿಕ್ಕಲು ಇಟ್ಟುಕೊಂಡ ಮನೆಗಳು ನಮ್ಮಲ್ಲಿ ಇದ್ದುವು, ಇವೆ. ಅದಕ್ಕಿಂತ ಸೂಕ್ಷ್ಮವಾದ ಅಪಾಯ ನೀರಾವರಿಯ ನಾಡಿನದು: ಸತ್ತ ತಂದೆಯ ಪಾಲಿನ ಎರಡು ಎಕರೆ ಕಬ್ಬಿನ ಹೊಲವನ್ನು ಉಳುವವನೂ ಆ ಮಗುವನ್ನು ಸಾಕುವವನೂ ಒಬ್ಬನೇ ಕಾಕನಾಗಿದ್ದರೆ, ಕಬ್ಬಿನ ಬಿಲ್ಲು ಯಾರ ಹೆಸರಿಗೆ ಬರುತ್ತದೆ, ಅದರಲ್ಲಿ ಮಗುವಿನ ಪಾಲೆಷ್ಟು ಎಂದು ಕೇಳುವವರಾರು? ಪೋಷಕರ ಮೇಲೆ ನ್ಯಾಯಾಲಯದ ಕಣ್ಣಿರಬೇಕೆಂದು 1890ರಷ್ಟು ಹಿಂದೆಯೇ ಶಾಸನವಾದರೂ ಹಳ್ಳಿಯ ಮಗುವಿನ ಪರವಾಗಿ ಆ ಮೆಟ್ಟಿಲನ್ನು ಹತ್ತುವವರು ಅಪರೂಪ. ಇಷ್ಟನ್ನೂ ಒಪ್ಪಿಕೊಂಡು ನಾನು ಹೇಳುವುದೇನೆಂದರೆ, ಈ ಅಪಾಯಗಳೆಲ್ಲ ಹುಟ್ಟುವುದು ಮನೆಯಿಂದಲ್ಲ, ಮನೆಯ ಏಕಾಂತದಿಂದ. ಎತ್ತರದ ಗೋಡೆಯ ಅನಾಥಾಲಯದೊಳಗೂ ಕ್ರೌರ್ಯ ನಡೆದುದನ್ನು ನಾವು ಓದಿಲ್ಲವೆ? ಹಣದ ಜೊತೆಗೆ ತಿಳಿದವರೊಬ್ಬರೂ ತಿಂಗಳಿಗೊಮ್ಮೆ ಆ ಮನೆಯ ಕಟ್ಟೆಯ ಮೇಲೆ ಬಂದು ಕೂಡುವಂತಾದರೆ, ಹುಡುಗನ ಹಾಜರಿ ಪುಸ್ತಕವನ್ನೂ ಅವನ ಮುಖವನ್ನೂ ನೋಡುವಂತಾದರೆ, ಹತ್ತಾರು ಸಾಕುಮನೆಗಳ ಹೆಂಗಸರು ಆಗಾಗ ಕೂಡಿ ಮಾತನಾಡುವಂತಾದರೆ, ಮುಚ್ಚಿಡಬೇಕಾದುದು ಬಹುಕಾಲ ಮುಚ್ಚಿರಲಾರದು.

ಸರ್ಕಾರವು ಈ ದಾರಿಯಲ್ಲಿ ಕೆಲವು ಹೆಜ್ಜೆಗಳನ್ನಿಟ್ಟಿದೆ. ಬಾಲನ್ಯಾಯ ಕಾಯ್ದೆಯು ಸಾಕುಮನೆಯನ್ನೂ ಹಲವು ಮಕ್ಕಳು ಕೂಡಿ ಬೆಳೆಯುವ ಸಮೂಹ ಸಾಕುಮನೆಯನ್ನೂ ಹೆಸರಿಸಿ ಮನ್ನಿಸಿದೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿಗಳ ಪ್ರಾಯೋಜಕತ್ವವುಂಟು. ಕೊರೋನಾದಲ್ಲಿ ಅನಾಥರಾದವರಿಗೆ ನಮ್ಮ ರಾಜ್ಯವು 2021ರಲ್ಲಿ ಬಾಲ ಸೇವಾ ಯೋಜನೆಯಲ್ಲಿ ತಿಂಗಳಿಗೆ 3,500 ರೂಪಾಯಿಗಳನ್ನು ಘೋಷಿಸಿತು. ಆದರೆ ಮಹಾಮಾರಿಯಿಂದ ಅನಾಥನಾದ ಮಗುವಿಗೂ ಟ್ರ್ಯಾಕ್ಟರು ಮಗುಚಿ ಅನಾಥನಾದ ಮಗುವಿಗೂ ಹಸಿವಿನಲ್ಲಿ ಭೇದವಿಲ್ಲ. ಮೇಲಾಗಿ, ಅರ್ಜಿ, ಆದಾಯ ಪ್ರಮಾಣಪತ್ರ, ಮಕ್ಕಳ ಕಲ್ಯಾಣ ಸಮಿತಿಯ ಆದೇಶ, ಆಧಾರ್ ಜೋಡಣೆಗಳ ನಡುವೆ ಕಳೆಯುವ ತಿಂಗಳುಗಳಲ್ಲಿ ಆಯಿಗೆ ಕಿರಾಣಿ ಅಂಗಡಿಯ ಉದ್ದರಿಯೇ ಗತಿ. ಧರ್ಮಕ್ಕೆ ಇರುವ ಜಾಗ ಅಲ್ಲಿ: ಸರ್ಕಾರದ ಹಣ ಬರುವವರೆಗಿನ ತೆರಪನ್ನು ತುಂಬುವುದು, ಕಾಗದಪತ್ರಗಳನ್ನು ಆಕೆಯ ಪರವಾಗಿ ಓಡಾಡಿ ಮಾಡಿಸುವುದು, ಸೋರುವ ಮಾಳಿಗೆಗೆ ತಗಡು ಹಾಕಿಸುವುದು, ಆಕೆ ಕಾಯಿಲೆ ಬಿದ್ದ ವಾರ ಮಕ್ಕಳನ್ನು ಉಣಿಸುವ ಇನ್ನೊಂದು ಮನೆಯನ್ನು ಗೊತ್ತುಮಾಡಿಡುವುದು.

ಹಣವೆಲ್ಲಿಂದ ಎಂದರೆ, ಕಬ್ಬಿನ ನಾಡು ಇದಕ್ಕೆ ಉತ್ತರ ಹುಡುಕುತ್ತ ಕೂಡಬೇಕಾದುದಿಲ್ಲ. ಸಮೀರವಾಡಿಯಲ್ಲಿ ಸೋಮೈಯಾ ಬಳಗದವರು ಬಡ ಮಕ್ಕಳ ಓದಿಗೆ ನೆರವನ್ನು ನೀಡುತ್ತ ಬಂದಿದ್ದಾರೆ. ಆ ದೃಷ್ಟಾಂತ ಕಣ್ಣೆದುರಿಗಿದೆ. ನಾನು ಸೂಚಿಸುವುದು ರೈತರಾದ ನಮ್ಮ ಪಾಲನ್ನು. ಬಿಲ್ಲಿನಲ್ಲಿ ಟನ್ನಿಗೆ ಒಂದೇ ಒಂದು ರೂಪಾಯಿಯನ್ನು, ಒಪ್ಪಿದವರಿಂದ ಮಾತ್ರ, ಈ ಕಾರ್ಯಕ್ಕೆಂದು ಮುರಿದುಕೊಳ್ಳುವುದಾದರೆ, ಹಂಗಾಮಿಗೆ ಹತ್ತು ಲಕ್ಷ ಟನ್ನು ನುರಿಸುವ ಒಂದು ಕಾರ್ಖಾನೆಯ ಸುತ್ತಲಿನ ರೈತರೆಲ್ಲರೂ ಒಪ್ಪಿದಲ್ಲಿ ವರ್ಷಕ್ಕೆ ಹತ್ತು ಲಕ್ಷ ರೂಪಾಯಿ ಕೂಡುತ್ತದೆ. ತಿಂಗಳಿಗೆ ನಾಲ್ಕು ಸಾವಿರದಂತೆ ಇಪ್ಪತ್ತು ಮಕ್ಕಳ ಮನೆಗಳು ಅದರಿಂದ ನಡೆಯುತ್ತವೆ. ನೂರು ಟನ್ನು ಕಳಿಸಿದ ರೈತನು ಕೊಟ್ಟುದು ನೂರು ರೂಪಾಯಿ ಮಾತ್ರ. ಸಿರಿವಂತನೊಬ್ಬನ ಮನಸ್ಸು ಬದಲಾದರೆ ನಿಂತುಹೋಗುವ ಭಯ ಈ ಹಣಕ್ಕಿಲ್ಲ. ಯಾರ ಹೆಸರನ್ನು ಗೋಡೆಯ ಮೇಲೆ ಕೆತ್ತಿಸಬೇಕೆಂಬ ಜಗಳವೂ ಇಲ್ಲ.

ಒಂದು ಸಂಗತಿ ಮಾತ್ರ ಹಣದಿಂದ ತೀರುವಂಥದಲ್ಲ. ಆಯಿಗೆ ಅರವತ್ತು ದಾಟಿದೆ. ಕಿರಿಯ ಹುಡುಗಿಗೆ ಇನ್ನೂ ಒಂಬತ್ತು ತುಂಬಿಲ್ಲ. ಆಕೆಯ ತರುವಾಯ ಆ ಹುಡುಗಿ ಯಾವ ಮನೆಗೆ ಹೋಗಬೇಕೆಂಬುದನ್ನು ಆಕೆ ಬದುಕಿರುವಾಗಲೇ, ಆಕೆಯನ್ನೂ ಆ ಹುಡುಗಿಯನ್ನೂ ಕೇಳಿ ನಿಶ್ಚಯಿಸಬೇಕು. ಆ ಮನೆಯವರು ಇಂದಿನಿಂದಲೇ ಹಬ್ಬಕ್ಕೆ ಹುಡುಗಿಯನ್ನು ಕರೆಯಬೇಕು, ಜ್ವರ ಬಂದಾಗ ಬಂದು ನೋಡಬೇಕು, ಹುಡುಗಿ ಅವರನ್ನು ಚಿಗವ್ವ ಕಾಕಾ ಎಂದು ಕರೆಯುವಷ್ಟು ಬಳಕೆಯಾಗಬೇಕು. ಈ ಮಾತನ್ನು ಆಯಿಯ ಮುಂದೆ ಎತ್ತಲು ಯಾರಿಗೂ ಬಾಯಿ ಬರುವುದಿಲ್ಲ. ಆಕೆಗಾದರೋ ರಾತ್ರಿಯೆಲ್ಲ ಇದೇ ಚಿಂತೆ. ಯಾರಾದರೂ ಎತ್ತಲಿ ಎಂದು ಆಕೆ ಕಾದಿದ್ದಾಳೆ.