ಬಣ್ಣದ ಬೆಳಕೂ ಕ್ಯಾಮರಾದ ತಿದ್ದುಪಡಿಯೂ

ಸ್ಪೇನ್ ದೇಶದ ಬಾರ್ಸಿಲೋನಾ ನಗರದಲ್ಲಿ ಸಗ್ರಾದಾ ಫಮೀಲಿಯಾ ಎಂಬ ಪ್ರಸಿದ್ಧ ಚರ್ಚು ಇದೆ. 1882ರಲ್ಲಿ ಆರಂಭವಾದ ಈ ಕಟ್ಟಡದ ಬಣ್ಣದ ಗಾಜಿನ ಕಿಟಕಿಗಳನ್ನು 1999ರಿಂದೀಚೆಗೆ ರೂಪಿಸಿದವರು ಜೋವಾನ್ ವಿಲಾ-ಗ್ರಾವ್ ಎಂಬ ಕಲಾವಿದರು. ಮೂಡಣ ದಿಕ್ಕಿನ ಗಾಜುಗಳಲ್ಲಿ ನೀಲಿ, ಹಸಿರುಗಳೂ ಪಡುವಣ ದಿಕ್ಕಿನವುಗಳಲ್ಲಿ ಕೆಂಪು, ಕಿತ್ತಳೆಗಳೂ ಪ್ರಧಾನವಾಗಿವೆ. ಆದುದರಿಂದ ಒಳಗಿನ ಕಲ್ಲುಕಂಬಗಳು ಬೆಳಗಿನಲ್ಲಿ ತಂಪಾದ ಬಣ್ಣವನ್ನೂ ಸಂಜೆಯಲ್ಲಿ ಕೆಂಡದ ಬಣ್ಣವನ್ನೂ ತಾಳುತ್ತವೆ.

ಇದರ ಛಾಯಾಚಿತ್ರ ತೆಗೆಯುವವರು ಅಸಂಖ್ಯಾತರು. ತಮ್ಮ ಕೈಯ ಯಂತ್ರವು ಏನು ಮಾಡುತ್ತಿದೆಯೆಂದು ವಿಚಾರಿಸುವವರು ವಿರಳ. ಇಂದಿನ ಕ್ಯಾಮರಾಗಳಲ್ಲಿಯೂ ಮೊಬೈಲ್ ಫೋನುಗಳಲ್ಲಿಯೂ ‘ವೈಟ್ ಬ್ಯಾಲೆನ್ಸ್’ ಎಂಬ ಸ್ವಯಂಚಾಲಿತ ಏರ್ಪಾಡು ಉಂಟು. ದೀಪದ ಬಣ್ಣ ಏನೇ ಇರಲಿ, ಬಿಳಿಯ ಕಾಗದವು ಬಿಳಿಯಾಗಿಯೇ ಕಾಣಬೇಕೆಂಬುದು ಅದರ ಉದ್ದೇಶ. ನೀಲಿ ಹೆಚ್ಚಿದ್ದರೆ ಅದು ನೀಲಿಯನ್ನು ತಗ್ಗಿಸುತ್ತದೆ. ಕೆಂಪು ಹೆಚ್ಚಿದ್ದರೆ ಕೆಂಪನ್ನು. ಪರಿಣಾಮವೇನು? ಬೆಳಗಿನ ಚಿತ್ರವೂ ಸಂಜೆಯ ಚಿತ್ರವೂ ಒಂದನ್ನೊಂದು ಹೋಲತೊಡಗುತ್ತವೆ. ಯಾವ ಭೇದಕ್ಕಾಗಿ ಗಾಜುಗಳನ್ನು ಜೋಡಿಸಿದರೋ ಆ ಭೇದವೇ ಕುಗ್ಗುತ್ತದೆ.

ಯಂತ್ರವನ್ನು ದೂಷಿಸುವುದು ತರವಲ್ಲ. ಬಲ್ಬಿನ ಬೆಳಕಿನಲ್ಲಿ ತೆಗೆದ ಮುಖವು ಹಳದಿಯಾಗದೆ ಉಳಿಯುವುದು ಈ ತಿದ್ದುಪಡಿಯಿಂದಲೇ. ಆದರೆ ಬೆಳಕಿನ ಬಣ್ಣವೇ ಚಿತ್ರದ ವಸ್ತುವಾದಾಗ ತಿದ್ದುಪಡಿಯು ಸಾಕ್ಷ್ಯವನ್ನು ಅಳಿಸಿದಂತೆ. ಅಲ್ಲಿ ಈ ಏರ್ಪಾಡನ್ನು ಹಗಲು ಬೆಳಕಿಗೆ ಸ್ಥಿರಪಡಿಸತಕ್ಕದ್ದು. ಫ್ಲಾಶ್ ದೀಪವನ್ನು ಬಳಸಕೂಡದು. ಅದರ ಬಿಳಿಯ ಬೆಳಕು ಬಣ್ಣವನ್ನು ತೊಳೆದುಬಿಡುತ್ತದೆ.

ಅಂಚುಗಳು ಮಸುಕಾಗಿವೆಯೆಂದು ಕೆಲವರು ಕಂಪ್ಯೂಟರಿನಲ್ಲಿ ಅವನ್ನು ಹರಿತಗೊಳಿಸುವುದುಂಟು. ಆ ಮಸುಕು ಮಸೂರದ ದೋಷವಲ್ಲ. ಸೂರ್ಯನು ನಮಗೆ ಬಿಂದುವಾಗಿ ಕಾಣದೆ, ಸುಮಾರು ಅರ್ಧ ಡಿಗ್ರಿ ಅಗಲದ ಬಿಂಬವಾಗಿ ಕಾಣುತ್ತಾನೆ. ಕಿರಣಗಳು ಗಾಜಿನಿಂದ 10 ಮೀಟರ್ ಸಾಗಿ ಗೋಡೆಯ ಮೇಲೆ ನೇರವಾಗಿ ಬಿದ್ದರೂ ಅಂಚು ಸುಮಾರು 9 ಸೆಂಟಿಮೀಟರ್ ಹರಡುತ್ತದೆ; ಓರೆಯಾಗಿ ಬಿದ್ದರೆ ಇನ್ನೂ ಹೆಚ್ಚು. ಗಾಜಿನ ತುಂಡುಗಳನ್ನು ಕೂಡಿಸುವ ಕಿರಿಯ ಪಟ್ಟಿಗಳ ನೆರಳು ಅದರಲ್ಲಿ ಕರಗಿಹೋಗುತ್ತದೆ. ಮಸುಕನ್ನು ಅಳಿಸಿದವನು ಸೂರ್ಯನ ಗಾತ್ರವನ್ನೇ ಅಳಿಸಿದಂತಾಯಿತು!

ಕಣ್ಣೂ ಬೆಳಕಿಗೆ ಹೊಂದಿಕೊಳ್ಳುವುದಿಲ್ಲವೇ ಎಂದು ಕೇಳಬಹುದು. ನಿಜ, ಆದರೆ ಅದು ಪೂರ್ತಿಯಾಗಿ ಹೊಂದಿಕೊಳ್ಳುವುದಿಲ್ಲ. ಕೆಂಪು ಬೆಳಕು ಬಿದ್ದ ಕಂಬವು ನಮಗೆ ಕೆಂಪಾಗಿಯೇ ತೋರುತ್ತದೆ.

ಚಿತ್ರವನ್ನು ಅಂದಗೊಳಿಸಬಾರದೆಂದು ನಾವು ಹೇಳುತ್ತಿಲ್ಲ. ಪ್ರಯೋಗಶಾಲೆಯಲ್ಲಿ ಉಪಕರಣದ ಶೂನ್ಯದೋಷವನ್ನು ಬರೆದಿಡುವಂತೆ, ಚಿತ್ರದ ಕೆಳಗೆ ತೆಗೆದ ಹೊತ್ತನ್ನೂ ಮಾಡಿದ ತಿದ್ದುಪಡಿಯನ್ನೂ ನಮೂದಿಸಬೇಕೆಂಬುದೇ ನಮ್ಮ ವಾದ. ಸಂದೇಹವಿದ್ದವರು ಕಿಟಕಿಗೆ ಕೆಂಪು ಜಿಲೆಟಿನ್ ಕಾಗದ ಅಂಟಿಸಿ, ಬಿಳಿಯ ಹಾಳೆಯ ಮೇಲೆ ಬಿದ್ದ ಬೆಳಕನ್ನು ಎರಡೂ ಬಗೆಯಲ್ಲಿ ಚಿತ್ರಿಸಿ ಹೋಲಿಸಲಿ.