ಬಾಯಿಮಾತಿನ ಕರಾರು ಸಾಲದು

ಕೊಂಕಣ ರೈಲುಮಾರ್ಗವು 1998ರಲ್ಲಿ ಪೂರ್ಣಗೊಂಡಂದಿನಿಂದ ಮಡಗಾಂವ್ ನಮ್ಮ ಜಿಲ್ಲೆಯವರಿಗೆ ದೂರದ ಊರಾಗಿ ಉಳಿದಿಲ್ಲ. ಅಲ್ಲಿ ನರ್ಸ್ ಆಗಿ ದುಡಿಯುತ್ತಿರುವ ನಮ್ಮೂರ ಮಗಳೊಬ್ಬಳು ಮೊನ್ನೆ ನಮ್ಮ ಕಚೇರಿಗೆ ಬಂದು ಹೇಳಿಕೊಂಡ ಸಂಗತಿಯು ವಿಚಾರಾರ್ಹವಾಗಿದೆ.

ಪಾಳಿ ಮುಗಿದ ಬಿಡುವಿನಲ್ಲಿ ಆಕೆ ಅಮೇರಿಕದ ವಕೀಲರಿಗಾಗಿ ರೋಗಿಗಳ ದಾಖಲೆಗಳನ್ನು ಓದಿ, ದಿನಾಂಕವಾರು ಸಾರಾಂಶ ಬರೆದು ಕೊಡುತ್ತಿದ್ದಳು. ಕೆಲಸ ಬಂದುದು ಮಧ್ಯವರ್ತಿಯೊಬ್ಬರಿಂದ, ಉಪಗುತ್ತಿಗೆಯಾಗಿ. ಕರಾರೆಲ್ಲವೂ ಬಾಯಿಮಾತಿನದು. ನಾಲ್ಕು ತಿಂಗಳು ದುಡಿದ ಬಳಿಕ ದೊರೆತುದು ‘ವಕೀಲರಿಂದ ಹಣ ಬಂದಿಲ್ಲ’ ಎಂಬ ಉತ್ತರ ಮಾತ್ರ.

ಈ ಉದ್ಯೋಗವೇನೂ ಕೀಳಲ್ಲ. ಅಮೇರಿಕದಲ್ಲಿ ಇಂತಹ ನರ್ಸ್‌ಗಳ ಸಂಘವೇ 1989ರಲ್ಲಿ ಸ್ಥಾಪನೆಯಾಗಿದೆ. ಮದ್ದು ಕೊಟ್ಟ ಹೊತ್ತು, ಡಾಕ್ಟರರ ಆದೇಶಕ್ಕೂ ನರ್ಸಿನ ಟಿಪ್ಪಣಿಗೂ ಇರುವ ಅಂತರ, ಕಾಣೆಯಾದ ಹಾಳೆ ಇವೆಲ್ಲ ವಕೀಲರಿಗಿಂತ ಮೊದಲು ನರ್ಸಿನ ಕಣ್ಣಿಗೆ ಬೀಳುತ್ತವೆ. ಚಿಕಿತ್ಸೆ ತಪ್ಪೋ ಸರಿಯೋ ಎಂದು ತೀರ್ಪು ಹೇಳುವುದು ಆಕೆಯ ಕೆಲಸವಲ್ಲ, ಅದು ತಜ್ಞ ವೈದ್ಯರಿಗೆ ಬಿಟ್ಟದ್ದು. ನಮ್ಮಲ್ಲಿಯೂ ಈ ತಿಳಿವಳಿಕೆಗೆ ಬೆಲೆಯುಂಟು. ಹಣ ಪಡೆದು ನೀಡುವ ವೈದ್ಯಸೇವೆಯು ಗ್ರಾಹಕ ಕಾನೂನಿನ ವ್ಯಾಪ್ತಿಗೆ ಸೇರುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪಿತ್ತಿದೆ. ರೋಗಿಯು ಕೇಳಿದರೆ 72 ಗಂಟೆಗಳೊಳಗೆ ದಾಖಲೆ ಕೊಡತಕ್ಕದ್ದೆಂದು 2002ರ ವೈದ್ಯಕೀಯ ಪರಿಷತ್ತಿನ ನಿಯಮ ಹೇಳುತ್ತದೆ. ಆದರೆ ಕೈಗೆ ಬಂದ ಆ ಕಟ್ಟನ್ನು ಓದಿ ಹೇಳುವವರು ಬೇಡವೇ?

ತೊಡಕಿರುವುದು ಉಪಗುತ್ತಿಗೆಯಲ್ಲಿ. ವಕೀಲರಿಗೂ ನರ್ಸಿಗೂ ನೇರ ಕರಾರಿಲ್ಲದಿರುವಾಗ ಆಕೆ ಹಣ ಕೇಳಬೇಕಾದುದು ಮಧ್ಯವರ್ತಿಯನ್ನೇ. ಬಾಯಿಮಾತಿನ ಕರಾರೂ ಕಾನೂನಿನ ದೃಷ್ಟಿಯಲ್ಲಿ ಕರಾರೇ ಹೌದು. ಆದರೆ ಅದನ್ನು ರುಜುವಾತುಪಡಿಸುವ ಹೊರೆ ದುಡಿದವರ ತಲೆಯ ಮೇಲೆ ಬೀಳುತ್ತದೆ. ಮಾಡಿದ ಕೆಲಸದ ಹಣಕ್ಕಾಗಿ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆಯಂತೆ 3 ವರ್ಷಗಳ ಅವಧಿಯಿದೆ. ಆದುದರಿಂದ ಬಂದ ಸಂದೇಶ, ಕಳುಹಿಸಿದ ವರದಿ, ಕೊಟ್ಟ ಬಿಲ್ಲು ಯಾವುದನ್ನೂ ಕಳೆದುಕೊಳ್ಳಬಾರದು.

ಇನ್ನು ಮುಂದೆ ಇಂತಹ ಕೆಲಸ ಹಿಡಿಯುವವರು ನಾಲ್ಕು ವಿಷಯಗಳನ್ನು ಬರಹದಲ್ಲಿ ಪಡೆಯಲೇಬೇಕು. ಗಂಟೆಗೆ ಅಥವಾ ಪುಟಕ್ಕೆ ದರವೆಷ್ಟು? ವಕೀಲರು ಕೊಡಲಿ ಬಿಡಲಿ, ಹಣ ಸಲ್ಲುವ ದಿನ ಯಾವುದು? ರೋಗಿಯ ಗುಟ್ಟು ಕಾಯುವ ಹೊಣೆ ಯಾರದು? ಆಕೆಯ ಒಪ್ಪಿಗೆಯಿಲ್ಲದೆ ವರದಿಯನ್ನು ತಿದ್ದಬಹುದೇ? ಇದರೊಡನೆ ತಾನು ದುಡಿಯುವ ಆಸ್ಪತ್ರೆಯ ಅನುಮತಿಯನ್ನೂ ಪಡೆದಿರುವುದು ಕ್ಷೇಮ. ಕೇಸು ಗೆದ್ದರೆ ಮಾತ್ರ ಹಣವೆಂಬ ಷರತ್ತನ್ನಂತೂ ಒಪ್ಪಕೂಡದು. ಗೆಲುವಿಗೆ ಕಟ್ಟುಬಿದ್ದ ಲೇಖನಿ ಸತ್ಯವನ್ನು ಬರೆಯಲಾರದು.

ಓದಲು ಬಾರದ ಭಾಷೆಯ ಅರ್ಜಿಗೆ ಸಹಿ ಹಾಕುವ ಸಂಕಟವನ್ನು 1956ರಿಂದ ಅನುಭವಿಸುತ್ತ ಬಂದ ನಮಗೆ ಕಾಗದದ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಮಗಳು ಹೊಸ ಕೆಲಸ ಸಿಕ್ಕಿತೆಂದಾಗ ಮನೆಯ ಹಿರಿಯರು ‘ಸಂಬಳವೆಷ್ಟು?’ ಎಂದು ಕೇಳುವುದು ವಾಡಿಕೆ. ‘ಕಾಗದ ಎಲ್ಲಿದೆ?’ ಎಂದೂ ಕೇಳುವ ಅಭ್ಯಾಸ ಬೆಳೆಯಲಿ ಎಂಬುದು ನಮ್ಮ ವಿನಂತಿ.