ಕರೆ ಕೊಡುವವನ ಕೈಯಲ್ಲೂ ಹಗ್ಗ

ಶಂಕರಪುರವೆಂದೊಡನೆ ನೆನಪಾಗುವುದು ಮಲ್ಲಿಗೆ. ಉಡುಪಿ ಜಿಲ್ಲೆಯ ಆ ಊರಿನಲ್ಲಿ ಸಂತ ಯೋಹಾನರ ಇಗರ್ಜಿಯೂ ಇದೆ. ಕರಾವಳಿಯ ಇಗರ್ಜಿಗಳಲ್ಲಿ ಗಂಟೆಯ ಕೆಲಸ ಸರಳವಾದುದು: ಭಕ್ತರನ್ನು ಪ್ರಾರ್ಥನೆಗೆ ಕರೆಯುವುದು, ಊರಿನ ಸಾವು ಸಂಭ್ರಮಗಳನ್ನು ಸಾರುವುದು. ಆದರೆ ಇಂಗ್ಲೆಂಡಿನ ಜನರು 17ನೆಯ ಶತಮಾನದಲ್ಲಿ ಇದೇ ಗಂಟೆಯಿಂದ ಕಠಿಣವಾದ ವಿದ್ಯೆಯೊಂದನ್ನು ಬೆಳೆಸಿದರು. ಪುಣೆಯ ಪಂಚಹೌದದಲ್ಲಿರುವ ಹೋಲಿ ನೇಮ್ ಇಗರ್ಜಿಯ ಗೋಪುರದಲ್ಲಿ ಆ ಪದ್ಧತಿಗೆಂದೇ ತೂಗುಹಾಕಿದ ಎಂಟು ಗಂಟೆಗಳಿವೆ.

ಈ ವಿದ್ಯೆಯಲ್ಲಿ ರಾಗವಿಲ್ಲ, ಕ್ರಮವೇ ಎಲ್ಲ. ಒಂದು ಗಂಟೆಗೆ ಒಂದು ಹಗ್ಗ, ಒಬ್ಬ ಮನುಷ್ಯ. ಮೊದಲು ಗಂಟೆಗಳು ಒಂದರ ಹಿಂದೊಂದು ಸಾಲಾಗಿ ಮೊಳಗುತ್ತವೆ. ಬಳಿಕ ಪ್ರತಿ ಸುತ್ತಿಗೂ ಸಾಲು ಬದಲಾಗುತ್ತದೆ. ಒಂದು ಗಂಟೆ ಒಮ್ಮೆಗೆ ಒಂದೇ ಸ್ಥಾನ ಸರಿಯಬಹುದು. ಒಮ್ಮೆ ಬಂದ ಸಾಲು ಮತ್ತೆ ಬರಬಾರದು. ಐದು ಗಂಟೆಗಳಿಂದ 120 ಸಾಲುಗಳಾಗುತ್ತವೆ. ಏಳರಿಂದ 5040, ಅದಕ್ಕೆ ಸುಮಾರು ಮೂರು ಗಂಟೆಗಳ ಕಾಲ ಬೇಕು. ಯಾರ ಮುಂದೆಯೂ ಬರೆದ ಕಾಗದವಿರುವುದಿಲ್ಲ, ಎಲ್ಲವೂ ಕಂಠಸ್ಥ.

'ಪ್ಲೇನ್ ಬಾಬ್' ಎಂಬ ಸರಳ ಕ್ರಮದಲ್ಲಿ ಐದು ಗಂಟೆಗಳು 40 ಸುತ್ತುಗಳಲ್ಲಿಯೇ ಮೊದಲಿನ ಸಾಲಿಗೆ ಮರಳಿಬಿಡುತ್ತವೆ. ಅದನ್ನು 120ಕ್ಕೆ ಒಯ್ಯಬೇಕಾದರೆ ತಕ್ಕ ಸಮಯದಲ್ಲಿ ಮೂರು ಬಾರಿ ಒಬ್ಬನು 'ಬಾಬ್' ಎಂದು ಕೂಗಬೇಕು. ಆ ಕರೆ ಕೇಳಿದೊಡನೆ ಕೆಲವು ಗಂಟೆಗಳು ತಮ್ಮ ದಾರಿ ಬದಲಿಸುತ್ತವೆ. ಕರೆಯು ತಿರುವಿಗೆ ಸ್ವಲ್ಪ ಮೊದಲೇ ಬರಬೇಕು. ತಡವಾದರೆ ಉಳಿದವರು ಹಗ್ಗ ಎಳೆದಾಗಿರುತ್ತದೆ, ಸಾಲೆಲ್ಲ ಕಲಸಿಹೋಗುತ್ತದೆ. ಕರೆಯುವವನು ದೂರ ನಿಂತ ಮೇಸ್ತ್ರಿಯಲ್ಲ. ಅವನ ಕೈಯಲ್ಲೂ ಹಗ್ಗವಿರುತ್ತದೆ.

ಕಲಿಕೆಯ ಬಗೆ ಗಮನಾರ್ಹವಾದುದು. ಹೊಸಬನಿಗೆ ಮೊದಲು ಕರೆಯಿಂದ ದಾರಿ ಬದಲಾಗದ ಗಂಟೆಯನ್ನೇ ಕೊಡುತ್ತಾರೆ. ತಾನು ಕೊನೆಯ ಸ್ಥಾನದಲ್ಲಿ ಸತತ ನಾಲ್ಕು ಸಲ ಬಾರಿಸುವ ಸರದಿ ಬಂದಾಗಲೆಲ್ಲ ಕೂಗಿದರಾಯಿತು. ಇತರರು ದಾರಿ ಬದಲಿಸುತ್ತಾರೆ, ಅವನದು ಮಾತ್ರ ಹಾಗೆಯೇ ಸಾಗುತ್ತದೆ. ಇದು ಮೊದಲ ಮೆಟ್ಟಿಲು ಮಾತ್ರ. ಮುಂದೆ, ತನ್ನ ಕರೆಗೆ ತಾನೇ ದಾರಿ ಬದಲಿಸಬೇಕಾದ ಗಂಟೆಯಿಂದ ಕರೆಯಲು ಕಲಿಯಬೇಕು. ಮಾತು ಬಾಯಿಂದ ಹೊರಡುತ್ತಿದ್ದಂತೆ ಅದನ್ನು ಮೊದಲು ಪಾಲಿಸಬೇಕಾದವನು ಅವನೇ. ಇದರ ನಡುವೆ ದಾರಿ ತಪ್ಪಿದವರನ್ನು ಒಂದೆರಡು ಮಾತಿನಲ್ಲಿ ತಿದ್ದಬೇಕು. ಎಲ್ಲವೂ ಕೆಟ್ಟರೆ 'ಸ್ಟ್ಯಾಂಡ್' ಎಂದು ನಿಲ್ಲಿಸಿ ಮೊದಲಿನಿಂದ ಆರಂಭಿಸಬೇಕು.

ನಮ್ಮ ಮನೆಗಳ ಹಿರಿಯರೂ ಕರೆ ಕೊಡುವವರೇ. ಬೇಗ ಏಳಿರಿ, ದುಂದು ಮಾಡಬೇಡಿರಿ, ಸಿಟ್ಟಾಗಬೇಡಿರಿ ಎಂದು ಮಕ್ಕಳಿಗೆ, ಸೊಸೆಯಂದಿರಿಗೆ ಹೇಳುತ್ತೇವೆ. ಆ ಮಾತಿನಿಂದ ಅವರ ದಿನಚರಿ ಬದಲಾಗುತ್ತದೆ; ನಮ್ಮದು ಎಷ್ಟು ಬದಲಾಗುತ್ತದೆ? ನಾವಿನ್ನೂ ಮೊದಲ ಮೆಟ್ಟಿಲಲ್ಲಿಯೇ ನಿಂತಿದ್ದೇವೆಯೇ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಹೊತ್ತು ಮೀರಿದ ಬುದ್ಧಿಮಾತು ಗದ್ದಲವಾಗುತ್ತದೆ. ತನಗೂ ಅನ್ವಯಿಸಿಕೊಂಡ ಮಾತನ್ನು ಮನೆ ಕೇಳುತ್ತದೆ. ತಪ್ಪಿದಾಗ 'ನಿಲ್ಲೋಣ, ಮತ್ತೆ ಆರಂಭಿಸೋಣ' ಎನ್ನುವುದಕ್ಕೆ ಹಿರಿಯರು ನಾಚಬೇಕಾಗಿಲ್ಲ.